ಬರೆದು ಉಣ್ಣುವುದೋ, ಹೊಗಳಿ ಉಣ್ಣುವುದೋ?

ಕಳೆದ ವರ್ಷ ಕಾಸರಗೋಡಿನಲ್ಲಿ ನಡೆದ ಒಂದು ವಿಚಾರಗೋಷ್ಠಿಯಲ್ಲಿ ನಾನು ಸಭಿಕನಾಗಿ ಕುಳಿತಿದ್ದೆ. ವಿಷಯ ಎಂದಿನದೇ: ಗಡಿನಾಡ ಕನ್ನಡದ ಅಳಿವು ಉಳಿವು. ಬೆಳಗ್ಗಿನ ಹೊತ್ತು ಮೂವರು ಅಳಿವಿನ ಕುರಿತು ಮಾತಾಡಿದರು. ಊಟದ ಅನಂತರ ಉಳಿವಿನ ಪಾಳಿ. ಕೊಚ್ಚಿಯಲ್ಲಿ ಇಂಟರ್‌ನೆಟ್ ಮಾರ್ಕೆಟಿಂಗ್ ಮಾಡುವ, ನಮ್ಮ ಊರಿನವನೇ ಆದ ಯುವಕನೊಬ್ಬ ಎದ್ದು ನಿಂತು ಹೇಳಿದ: "ಲೇಖನ ಬರೆದು ಬದುಕುತ್ತೇನೆಂಬ ಭ್ರಮೆ ಬಿಡಿ. ಬರೆಯಲು ಬರುತ್ತದೆಂದಾದರೆ ಅಂತರ್ಜಾಲದಲ್ಲಿ ಸರಕು ಮಾರಿ. ಒಂದು ತಿಂಗಳ ಕಮಿಶನಿನಲ್ಲಿ ನಿಮ್ಮ ಒಂದು ವರ್ಷದ ಗೌರವಧನ ಬರುತ್ತದೆ."

ಸಭೆ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಮೂವರು ಸಂಪಾದಕರೂ ತಟ್ಟಿದರು. ಅವರಲ್ಲಿ ಇಬ್ಬರು ನನ್ನ ಲೇಖನಗಳನ್ನು ಅಚ್ಚು ಹಾಕಿದವರು. ಒಂದು ರೂಪಾಯಿ ಕೊಟ್ಟವರು ಒಬ್ಬರೂ ಇಲ್ಲ.

ನನ್ನ ತಕರಾರು ಅರ್ಧ ಆ ಹುಡುಗನೊಡನೆ, ಅರ್ಧ ಆ ಚಪ್ಪಾಳೆಯೊಡನೆ. ಅಂದು ನನಗೆ ಮಾತಾಡಲು ಸಮಯ ಕೊಡಲಿಲ್ಲ, ಸನ್ಮಾನಕ್ಕೆ ಹೊತ್ತಾಗಿತ್ತು. ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ಲೆಕ್ಕ ಒಪ್ಪಿಸುತ್ತೇನೆ. ನನ್ನ ಮೊದಲ ಲೇಖನ ಅಚ್ಚಾದದ್ದು 1988ರಲ್ಲಿ. ಎರಡು ತಿಂಗಳ ಮೇಲೆ ಮನಿಯಾರ್ಡರಿನಲ್ಲಿ 40 ರೂಪಾಯಿ ಬಂತು. ಅಂಚೆಯಣ್ಣನಿಗೆ ಚಹಾಕ್ಕೆಂದು ಎರಡು ರೂಪಾಯಿ ಹೋಯಿತು. ಅಂದಿನಿಂದ ಇಂದಿನವರೆಗೆ ಯಾವ ಪತ್ರಿಕೆಯಲ್ಲೂ ನೌಕರಿ ಮಾಡದೆ ಬಿಡಿಬರಹಗಾರನಾಗಿಯೇ ಇದ್ದೇನೆ. ಲೇಖನ, ಅಂಕಣ, ಮಲೆಯಾಳದಿಂದ ಕನ್ನಡಕ್ಕೆ ಕನ್ನಡದಿಂದ ಮಲೆಯಾಳಕ್ಕೆ ಅನುವಾದ, ಸಹಕಾರಿ ಸಂಘಗಳ ವರದಿ, ಮದುವೆಯ ಕರೆಯೋಲೆ, ಸತ್ತವರ ನುಡಿನಮನ ಎಲ್ಲವನ್ನೂ ಬರೆದಿದ್ದೇನೆ. ಬರಹವೊಂದೇ ನನ್ನ ಮನೆಯ ಒಲೆ ಉರಿಸಿತೆಂದು ಹೇಳಿದರೆ ಸುಳ್ಳಾಗುತ್ತದೆ. ಸಂಜೆ ಟ್ಯುಟೋರಿಯಲ್ಲಿನಲ್ಲಿ ಪಾಠ ಹೇಳಿದೆ. ಹಾಗಾಗಿ ಊರಿಗೆ ನಾನು ಮಾಷ್ಟ್ರು. ಮುಕ್ಕಾಲು ಎಕ್ರೆ ಅಡಿಕೆ ತೋಟವೂ ಉಂಟು. ನನ್ನ ಹೆಸರು ಪತ್ರಿಕೆಯಲ್ಲಿ ಬಂದಾಗಲೆಲ್ಲ ಮನೆಯವಳು ಕೇಳುತ್ತಿದ್ದಳು, "ಇದನ್ನು ಬೇಯಿಸಿ ಹಾಕ್ಲಾ?"

ಫ್ರೀಲಾನ್ಸ್ ಎಂಬ ಶಬ್ದವನ್ನು ನಾವು ಬಹಳ ಗೌರವದಿಂದ ಉಚ್ಚರಿಸುತ್ತೇವೆ. ಅದನ್ನು ಹೆಸರಾಗುವಂತೆ ಬಳಸಿದವರು ವಾಲ್ಟರ್ ಸ್ಕಾಟ್, 1819ರ 'ಐವಾನ್‌ಹೋ' ಕಾದಂಬರಿಯಲ್ಲಿ. ಅಲ್ಲಿ ಅದರ ಅರ್ಥ ಯಾವ ದೊರೆಗೂ ಕಟ್ಟುಬೀಳದ, ಹಣ ಕೊಟ್ಟವನ ಪರ ಹೊಡೆದಾಡುವ ಬಾಡಿಗೆಯ ಭರ್ಜಿಯವನು. ಆದುದರಿಂದ ಬರಹಗಾರ ಪವಿತ್ರ, ಮಾರುವವನು ಮೈಲಿಗೆ ಎಂಬ ವಾದ ನನ್ನದಲ್ಲ. ನಾನೂ ಬಾಡಿಗೆಯ ಭರ್ಜಿಯೇ.

ಮತ್ತೆ, ಮಾರಾಟವೆಂಬುದು ನಮ್ಮ ಸಾಹಿತ್ಯಕ್ಕೆ ಹೊಸತೂ ಅಲ್ಲ. ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಜಿ.ಪಿ. ರಾಜರತ್ನಂ ಪುಸ್ತಕ ಮಾರುವುದನ್ನು ಒಂದು ವ್ರತದಂತೆ ನಡೆಸಿದರು. ಪುತ್ತೂರಿನಲ್ಲಿ ಶಿವರಾಮ ಕಾರಂತರು ಸ್ವಂತ ಮುದ್ರಣಾಲಯವನ್ನೇ ಇಟ್ಟರು. ಅತ್ತ ಮಲೆಯಾಳದಲ್ಲಿ ವೈಕಂ ಮುಹಮ್ಮದ್ ಬಷೀರ್ ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಎರ್ನಾಕುಳಂನಲ್ಲಿ ಮಾರಿದರು, ಅನಂತರ ಅಲ್ಲಿ ಪುಸ್ತಕದ ಅಂಗಡಿಯನ್ನೂ ತೆರೆದರು. ಇವರೆಲ್ಲ ಮಾರಿದರು. ಆದರೆ ತಾವು ಮಾಡಿದ್ದನ್ನು ಮಾರಿದರು, ತಮ್ಮ ಹೆಸರು ಮೇಲೆ ಹಾಕಿ ಮಾರಿದರು. ಚೆನ್ನಾಗಿಲ್ಲವೆಂದು ಅನಿಸಿದ ಓದುಗ ಮರುದಿನ ಅವರ ಅಂಗಿಯ ಕೊರಳುಪಟ್ಟಿ ಹಿಡಿಯಬಹುದಾಗಿತ್ತು. ನಮ್ಮ ಊರಿನ ಹೆಂಗಸರು ಹಲಸಿನ ಹಪ್ಪಳದ ಚಿತ್ರವನ್ನು ವಾಟ್ಸಾಪಿನಲ್ಲಿ ಹಾಕಿ ಮುಂಬಯಿಗೆ ಕಳುಹಿಸುತ್ತಾರಲ್ಲ, ಅದೂ ಅಂತರ್ಜಾಲದ ಮಾರಾಟವೇ. ಅದಕ್ಕೆ ನನ್ನ ನಮಸ್ಕಾರ. ಆ ಯುವಕ ಹೇಳಿದ್ದು ಅದಲ್ಲ. ಅವನು ಹೇಳಿದ್ದು ಏನೆಂದು ನನಗೆ ಗೊತ್ತು, ಏಕೆಂದರೆ ನಾನೇ ಅದನ್ನು ಇಪ್ಪತ್ತಮೂರು ತಿಂಗಳು ಮಾಡಿದ್ದೇನೆ.

2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ದಾರಿ ಮುಚ್ಚಿತು. ಮಂಗಳೂರಿನ ಆಸ್ಪತ್ರೆಗೆ ಹೋಗಬೇಕಾದವರ ಗೋಳನ್ನು ಈ ಪುಟಗಳ ಓದುಗರಿಗೆ ಹೇಳಬೇಕಾಗಿಲ್ಲ. ಅದರ ಮುಂದೆ ನನ್ನದು ಸಣ್ಣದು. ಪತ್ರಿಕೆಗಳು ಪುಟ ಇಳಿಸಿದುವು, ನನ್ನ ಅಂಕಣ ನಿಂತಿತು, ಟ್ಯುಟೋರಿಯಲ್ ಬಾಗಿಲು ಹಾಕಿತು. ಅಕ್ಕನ ಮಗಳು ಆಗ ಬೆಂಗಳೂರಿನಿಂದ ಊರಿಗೆ ಬಂದಿದ್ದಳು. "ಮಾವ, ನೀವು ಬರೆಯಿರಿ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ" ಎಂದಳು.

ವ್ಯವಹಾರ ಹೀಗೆ. ಜನ ಅಂತರ್ಜಾಲದಲ್ಲಿ ಏನು ಹುಡುಕುತ್ತಾರೆಂದು ನೋಡುವುದು. ತೋಟಕ್ಕೆ ಯಾವ ಪಂಪು ಒಳ್ಳೆಯದು, ಇಡ್ಲಿ ಹಿಟ್ಟಿಗೆ ಯಾವ ಗ್ರೈಂಡರ್, ಮಳೆಗಾಲಕ್ಕೆ ಯಾವ ಬೂಟು. ಆ ಪ್ರಶ್ನೆಗೆ ಉತ್ತರವೆಂಬಂತೆ ಒಂದು ಲೇಖನ ಬರೆದು ನಮ್ಮ ತಾಣದಲ್ಲಿ ಹಾಕುವುದು. ಲೇಖನದ ನಡುವೆ ದೊಡ್ಡ ಅಂಗಡಿಯ ಕೊಂಡಿ ಇರುತ್ತದೆ. ಅದಕ್ಕೆ ನಮ್ಮ ಗುರುತು ಅಂಟಿಸಿರುತ್ತದೆ. ಓದಿದವನು ಅದನ್ನು ಒತ್ತಿ ಹೋಗಿ, ಅವರು ಹೇಳಿದ ಅವಧಿಯೊಳಗೆ ಕೊಂಡರೆ ನೂರಕ್ಕೆ ಇಷ್ಟೆಂದು ನಮ್ಮ ಖಾತೆಗೆ. ಅಮೆಜಾನ್ 1996ರಲ್ಲೇ ಈ ಏರ್ಪಾಡನ್ನು ಆರಂಭಿಸಿತ್ತು. ನಮ್ಮ ಕಡೆ ಹೊಸತಾದರೂ ಲೋಕಕ್ಕೆ ಹಳತು.

ನಾನು ಕನ್ನಡದಲ್ಲೂ ಮಲೆಯಾಳದಲ್ಲೂ ಬರೆದೆ. ಸತ್ಯ ಹೇಳಬೇಕಷ್ಟೆ, ಆ ಕೆಲಸ ನನಗೆ ಕಲಿಸಿದ್ದೂ ಉಂಟು. ಓದುಗ ಕೇಳಿದ್ದಕ್ಕೆ ಮೊದಲ ವಾಕ್ಯದಲ್ಲೇ ಉತ್ತರ ಕೊಡು ಎಂದು ಹುಡುಗಿ ಗದರಿದಳು. ನಮ್ಮ ಪ್ರಬಂಧಕಾರರಲ್ಲಿ ಅನೇಕರು, ವಿಷಯಕ್ಕೆ ಬರಲು ಮೂರು ಪುಟ ತೆಗೆದುಕೊಳ್ಳುವವರು, ಅವಳ ಕೈಯಲ್ಲಿ ಒಂದು ತಿಂಗಳು ಇದ್ದು ಬರಬಹುದು.

ಇನ್ನು ಹಣ. ಇಪ್ಪತ್ತಮೂರು ತಿಂಗಳಲ್ಲಿ ಕಮಿಶನಿನಿಂದ ನನ್ನ ಪಾಲಿಗೆ 61,000 ರೂಪಾಯಿ ಬಂತು. ಅದೇ ಅವಧಿಯಲ್ಲಿ ಲೇಖನ ಅನುವಾದಗಳಿಂದ ಬಂದದ್ದು 38,000. ಅಂಕಗಣಿತದಲ್ಲಿ ಆ ಯುವಕ ಗೆದ್ದ. ವರ್ಷದ ಗಳಿಕೆ ತಿಂಗಳಲ್ಲಿ ಬರುತ್ತದೆಂದದ್ದು ಬರೇ ಉತ್ಪ್ರೇಕ್ಷೆ, ಆದರೂ ಗೆದ್ದ.

ಮುಂದಿನದು ಅಂಕಗಣಿತದಲ್ಲಿ ಸಿಗುವುದಿಲ್ಲ. ಒಂದು ಹುಲ್ಲು ಕತ್ತರಿಸುವ ಮಿಶನಿನ ಬಗ್ಗೆ ನಾನು ಬರೆದೆ. ಕಂಪೆನಿಯವರು ಕೊಟ್ಟ ವಿವರ, ಕೊಂಡವರು ಅಲ್ಲಿಲ್ಲಿ ಬರೆದ ನಾಲ್ಕು ಮಾತು ಸೇರಿಸಿ, ನಮ್ಮ ಇಳಿಜಾರು ತೋಟಗಳಿಗೆ ಹೇಳಿ ಮಾಡಿಸಿದಂತಿದೆ ಎಂದು ಮುಗಿಸಿದೆ. ಆ ಕೊನೆಯ ವಾಕ್ಯ ನನ್ನ ಸ್ವಂತದ್ದು. ಮೂವತ್ತು ವರ್ಷ ಬರೆದವನಿಗೆ ಅಂಥ ವಾಕ್ಯ ತಾನಾಗಿಯೇ ಬರುತ್ತದೆ. ಮಿಶನನ್ನು ನಾನು ಕಣ್ಣಿನಲ್ಲಿ ನೋಡಿರಲಿಲ್ಲ.

ನಮ್ಮ ತೋಟದಾಚೆಯ ಕೃಷಿಕರು ಅದನ್ನು ತರಿಸಿದರು. ಬೆಲೆ 9,800. ಮೂರನೆಯ ವಾರ ಅದು ಇಳಿಜಾರಿನಲ್ಲೇ ನಿಂತಿತು. ಅವರು ಬೈಯಲು ಬರಲಿಲ್ಲ. ಅಡಿಕೆ ಸುಲಿಯುವ ಹೊತ್ತಿಗೆ ನಮ್ಮ ಚಾವಡಿಗೆ ಬಂದು ಕುಳಿತು, ಎಲೆ ಹಾಕಿಕೊಂಡು, ಮೆಲ್ಲನೆ ಕೇಳಿದರು: "ನೀವು ಬರ್ದದ್ದು ನೋಡಿಯೇ ತೆಗ್ದದ್ದು ಮಾಷ್ಟ್ರೇ. ನೀವು ಒಮ್ಮೆ ಓಡ್ಸಿ ನೋಡಿದ್ದೀರಲ್ಲ?"

ಇವರು ನನ್ನ ಅಂಕಣವನ್ನು ಇಪ್ಪತ್ತು ವರ್ಷ ಓದಿದವರು. ಒಮ್ಮೆ ನಮ್ಮ ಪಂಚಾಯತಿನ ನೀರಿನ ಯೋಜನೆಯ ಬಗ್ಗೆ ನಾನು ಬರೆದದ್ದನ್ನು ಕತ್ತರಿಸಿ ಕಿಸೆಯಲ್ಲಿಟ್ಟು ಸಭೆಗೆ ಹೋಗಿ ಓದಿ ಜಗಳ ಮಾಡಿದವರು. ಆ ಇಪ್ಪತ್ತು ವರ್ಷದಲ್ಲಿ ನನ್ನ ಮಾತಿನ ಮೇಲೆ ಅವರಲ್ಲಿ ಕೂಡಿದ ನಂಬಿಕೆಯನ್ನು ನಾನು ನೂರಕ್ಕೆ ನಾಲ್ಕರಂತೆ, 392 ರೂಪಾಯಿಗೆ ಮಾರಿದ್ದೆ. ದುರಸ್ತಿಗೆ 1,600 ಬಿತ್ತು. ಅರ್ಧ ನಾನು ಕೊಟ್ಟೆ. ಅವರು ಬೇಡವೆಂದರೂ ಕೊಟ್ಟೆ. ವ್ಯಾಪಾರದ ಲೆಕ್ಕದಲ್ಲೂ 408 ರೂಪಾಯಿ ನಷ್ಟ.

ಯುವಕನು ಇದಕ್ಕೆ, "ಅದು ನಿಮ್ಮ ತಪ್ಪು, ನೋಡಿ ಬರೆಯಬೇಕಿತ್ತು" ಎಂದಾನು. ನಿಜ. ಆದರೆ ತಿಂಗಳಿಗೆ ಮೂವತ್ತು ಸರಕಿನ ಬಗ್ಗೆ ಬರೆದರೆ ಮಾತ್ರ ಆ ಗಳಿಕೆ. ಮೂವತ್ತು ಸರಕನ್ನು ಕೊಂಡು ಬಳಸಿ ನೋಡಿದವನಿಗೆ ಉಳಿಯುವುದೇನು? ಹೊಗಳಿದರೆ ಮಾತ್ರ ಹಣ, ತೆಗಳಿದರೆ ಇಲ್ಲ ಎಂಬ ಏರ್ಪಾಡಿನಲ್ಲಿ ಪ್ರಾಮಾಣಿಕತೆಯನ್ನು ಬರಹಗಾರನ ಹೆಗಲ ಮೇಲೆ ಹಾಕುವುದು ಸುಲಭದ ಬುದ್ಧಿವಾದ. ಸರಕಾರಕ್ಕೂ ಇದು ಗೊತ್ತಾಗಿದೆ. 2021ರಲ್ಲಿ ಜಾಹೀರಾತು ಉದ್ಯಮದವರದೇ ಆದ ಮಾನದಂಡ ಮಂಡಳಿಯೂ, 2023ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯೂ, ಹಣ ಪಡೆದು ಹೊಗಳುವವರು ಅದನ್ನು ಓದುಗನಿಗೆ ಕಾಣುವಂತೆ ತಿಳಿಸಬೇಕೆಂದು ಸೂಚನೆ ಹೊರಡಿಸಿದುವು. ನಾವು ತಾಣ ಮುಚ್ಚಿದ ವರ್ಷವೇ, 2022ರಲ್ಲಿ, ಓದುಗರಿಗಾಗಿ ಅಲ್ಲದೆ ಶೋಧಯಂತ್ರದ ಕಣ್ಣಿಗೆ ಬೀಳಲೆಂದೇ ಬರೆದ ಬರಹವನ್ನು ಹಿಂದಕ್ಕೆ ತಳ್ಳುತ್ತೇವೆಂದು ಗೂಗಲ್ ಸಾರಿತು. ಮೊದಲು ಇಂಗ್ಲಿಷಿನಲ್ಲಿ, ಡಿಸೆಂಬರಿನಲ್ಲಿ ಉಳಿದ ಭಾಷೆಗಳಲ್ಲಿ. ಅದು ಹೇಳಿದ ಬರಹ ನನ್ನದೇ ಜಾತಿಯದೆಂದು ಓದಿದ ಕೂಡಲೇ ತಿಳಿಯಿತು.

ಸ್ವಾತಂತ್ರ್ಯದ ಮಾತೂ ಬಂತು ಆ ಭಾಷಣದಲ್ಲಿ. "ನಿಮಗೆ ನೀವೇ ಯಜಮಾನರು" ಎಂದ. ನನಗೆ ನಗು ಬಂತು. 2020ರ ಏಪ್ರಿಲಿನಲ್ಲಿ ಅಮೆಜಾನ್ ಅಮೆರಿಕದಲ್ಲಿ ಪೀಠೋಪಕರಣದ ಕಮಿಶನನ್ನು ನೂರಕ್ಕೆ ಎಂಟರಿಂದ ಮೂರಕ್ಕೆ, ದಿನಸಿಯದನ್ನು ಐದರಿಂದ ಒಂದಕ್ಕೆ ಇಳಿಸಿತು. ಅದನ್ನೇ ನಂಬಿದವರೊಡನೆ ಯಾರೂ ಮಾತುಕತೆಗೆ ಕುಳಿತಿರಲಿಲ್ಲ. ಇಂಥ ಯಜಮಾನಿಕೆಯನ್ನು ನಾನು ಬಾಲ್ಯದಲ್ಲೇ ಕಂಡಿದ್ದೇನೆ. ನನ್ನ ಅಮ್ಮ ಬೀಡಿ ಕಟ್ಟಿದವಳು. ಎಲೆ ಅವರದು, ಹೊಗೆಸೊಪ್ಪು ಅವರದು, ಸಾವಿರಕ್ಕೆ ಇಷ್ಟೆಂಬ ದರವೂ ಅವರದು. ಕೂರುವ ಜಗಲಿ ಮತ್ತು ಬೆನ್ನುನೋವು ಮಾತ್ರ ಅವಳದು. ಕಟ್ಟಿದ್ದನ್ನು ಕೊಂಡುಹೋದರೆ ಒಂದಷ್ಟನ್ನು ಕಳಪೆಯೆಂದು ಬದಿಗಿಡುತ್ತಿದ್ದರು. ಅದಕ್ಕೆ ಮಜೂರಿಯೂ ಇಲ್ಲ, ಬೀಡಿಯೂ ಹಿಂದಕ್ಕಿಲ್ಲ. ಅವಳಿಗೂ ಹೊತ್ತಿನ ನಿರ್ಬಂಧವಿರಲಿಲ್ಲ. ರಾತ್ರಿ ಹನ್ನೊಂದಕ್ಕೂ ಕಟ್ಟಬಹುದಾದ ಸ್ವಾತಂತ್ರ್ಯವಿತ್ತು.

ಅಕ್ಕನ ಮಗಳು ಈಗ ಬೇರೆಯವರ ತಾಣಗಳಿಗೆ ಬರೆಯುತ್ತಾಳೆ. ಸಾವಿರ ಶಬ್ದಕ್ಕೆ ಇಷ್ಟು. ಹೆಸರು ಅವಳದಿರುವುದಿಲ್ಲ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಆ ದರವೂ ಅರ್ಧಕ್ಕಿಳಿದಿದೆ. ಯಂತ್ರ ಬರೆದದ್ದನ್ನು ತಿದ್ದಿದರೆ ಸಾಕಂತೆ. ನನಗೂ ಅಂಥ ಅನುವಾದದ ಕರಡುಗಳು ಬರುತ್ತವೆ. ಮಲೆಯಾಳದಲ್ಲಿ ಸಂಸಾರವೆಂದರೆ ಮಾತುಕತೆ, ಅವಸರವೆಂದರೆ ಅವಕಾಶ ಎಂಬುದು ನಮ್ಮ ಊರಿನ ಮಕ್ಕಳಿಗೂ ಗೊತ್ತು. ನನಗೆ ಬಂದ ಒಂದು ಕರಡಿನಲ್ಲಿ ಅಧ್ಯಕ್ಷರೂ ಕಾರ್ಯದರ್ಶಿಯೂ ಉದ್ಯೋಗದ ಅವಸರಗಳ ಬಗ್ಗೆ ಒಂದು ಗಂಟೆ ಸಂಸಾರ ಮಾಡಿದ್ದರು. ತಿದ್ದಲು ಕೊಟ್ಟ ಹಣ ಮೊದಲಿನ ಅನುವಾದದ ಕಾಲುಭಾಗ.

ಇಷ್ಟಾಗಿಯೂ ಅವಳು ಬರೆಯುತ್ತಿರುವುದೇಕೆ? ಅವಳು ಒಳ್ಳೆಯ ಕಥೆ ಬರೆಯಬಲ್ಲವಳು. ಮೂರು ಕಥೆ ಅಚ್ಚಾಗಿವೆ, ಒಂದು ಇದೇ ವಾರ್ಷಿಕಾಂಕದಲ್ಲಿ. ಮೂರಕ್ಕೂ ಅವಳಿಗೆ ಸಿಕ್ಕಿದ್ದು ಒಂದು ಗೌರವ ಪ್ರತಿ, ಅದೂ ಒಂದರದ್ದು ಮಾತ್ರ. ಆ ದೊಡ್ಡ ಅಂಗಡಿಯವನು ನೂರಕ್ಕೆ ನಾಲ್ಕಾದರೂ ಕೊಡುತ್ತಾನೆ, ಹೇಳಿದ ತಾರೀಕಿಗೆ ಕೊಡುತ್ತಾನೆ. ಕನ್ನಡದ ಸೇವೆಯ ಹೆಸರಿನಲ್ಲಿ ನಾವು ಕೊಡುವುದು ನೂರಕ್ಕೆ ಸೊನ್ನೆ. ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದ ಮಹನೀಯರೇ, ಅವಳನ್ನು ಆ ಅಂಗಡಿಗೆ ಕಳುಹಿಸಿದವರು ನೀವು. ಅವಳು ಹೋದುದು ನಿಮಗೆ ಹಿತವಾಗಿಯೇ ಕಂಡಿರಬೇಕು. ಸಂಭಾವನೆ ಕೇಳುವ ಒಂದು ಬಾಯಿ ಕಡಿಮೆಯಾಯಿತು.

"ನಮ್ಮದು ಗಡಿನಾಡು, ಓದುಗರು ಕಡಿಮೆ, ಹಣವೆಲ್ಲಿದೆ?" ಎಂಬ ಉತ್ತರ ನನಗೆ ಬಾಯಿಪಾಠವಾಗಿದೆ. ಅಚ್ಚಿನವನಿಗೆ ಹಣವಿದೆ. ಕಾಗದಕ್ಕಿದೆ. ಬಿಡುಗಡೆಯ ದಿನದ ಚಪ್ಪರಕ್ಕೆ, ಮೈಕಿಗೆ, ಊಟಕ್ಕೆ, ಶಾಲಿಗೆ, ಹಣ್ಣಿನ ಬುಟ್ಟಿಗೆ ಇದೆ. ನನ್ನ ಕಪಾಟಿನಲ್ಲಿ ಹದಿನೇಳು ಶಾಲುಗಳಿವೆ. ನಮ್ಮ ಸೆಕೆಗೆ ಒಂದನ್ನೂ ಹೊದೆಯುವಂತಿಲ್ಲ. ಒಂದನ್ನು ಹಸುವಿನ ಕರುವಿಗೆ ಹೊದೆಸಿದ್ದೆ, ಅದು ತಿಂದಿತು. ಇನ್ನು ಈ ವಾರ್ಷಿಕಾಂಕದ ಪುಟಗಳನ್ನೇ ತಿರುವಿ ನೋಡಿ. ಅಡಿಕೆ ವ್ಯಾಪಾರಿಗಳ, ಚಿನ್ನದಂಗಡಿಗಳ, ಸಹಕಾರಿ ಬ್ಯಾಂಕುಗಳ ಶುಭಾಶಯಗಳು. ಆ ಪುಟಗಳಿಗೆ ದರವುಂಟು. ಅರ್ಧ ಪುಟಕ್ಕೆ ಬೇರೆ, ಹಿಂಬದಿಯ ರಕ್ಷಾಪುಟಕ್ಕೆ ಬೇರೆ. ನಮ್ಮ ಕಥೆ ಕವಿತೆಗಳನ್ನು ತೋರಿಸಿ ಜಾಹೀರಾತು ತರುವುದು, ಆ ಹಣದಿಂದ ಕಥೆ ಬರೆದವನಿಗೆ ಏನೂ ಕೊಡದಿರುವುದು. ಇಂಟರ್‌ನೆಟ್ ಮಾರ್ಕೆಟಿಂಗನ್ನು ಕಂಡು ಮೂಗು ಮುರಿಯುವ ಅರ್ಹತೆ ನಮಗೆಲ್ಲಿಯದು? ಇಂಟರ್‌ನೆಟ್ ಇಲ್ಲದೆ ಅದನ್ನೇ ಮಾಡುತ್ತಿದ್ದೇವೆ.

ಗೋವಿಂದ ಪೈಗಳು ಹಣಕ್ಕೆ ಬರೆದರೇ, ಕಯ್ಯಾರರು ಹಣ ಕೇಳಿದರೇ ಎಂದು ವಾದಿಸುವವರಿದ್ದಾರೆ. ಪೈಗಳದ್ದು ಆಸ್ತಿಯಿದ್ದ ಮನೆತನ. ಕಯ್ಯಾರ ಕಿಞ್ಞಣ್ಣ ರೈಗಳಿಗೆ ಅಧ್ಯಾಪಕರ ಸಂಬಳವಿತ್ತು, ತೋಟವಿತ್ತು. ಅವರು ತಮ್ಮ ಆತ್ಮಕಥೆಗೆ ಕೊಟ್ಟ ಹೆಸರು 'ದುಡಿತವೇ ನನ್ನ ದೇವರು'. ದುಡಿತಕ್ಕೆ ಕೂಲಿ ಬೇಡವೆಂದು ಅವರೇನೂ ಹೇಳಿದಂತಿಲ್ಲ. ಆಸ್ತಿಯೂ ಸಂಬಳವೂ ಇದ್ದವರು ಮಾತ್ರ ಬರೆಯಲಿ ಎಂಬುದೇ ನಮ್ಮ ಬಯಕೆಯಾದರೆ ಅದನ್ನು ನೇರವಾಗಿ ಅಚ್ಚು ಹಾಕೋಣ. ಬಡವರ ಮನೆಯ ಮಕ್ಕಳು ಕಥೆ ಕಳುಹಿಸಿ ಕಾಯುವುದು ತಪ್ಪುತ್ತದೆ.

ಕೊಡಲು ಸಾಧ್ಯವೇ ಇಲ್ಲವೆಂಬುದನ್ನು ನಾನು ನಂಬುವುದಿಲ್ಲ. ದಕ್ಷಿಣಕ್ಕೆ ನೋಡಿ. 1945ರಲ್ಲಿ ಕೋಟ್ಟಯಂನಲ್ಲಿ ಹನ್ನೆರಡು ಮಂದಿ ಲೇಖಕರು 120 ರೂಪಾಯಿ ಬಂಡವಾಳದಿಂದ ಸಾಹಿತ್ಯ ಪ್ರವರ್ತಕ ಸಹಕಾರಿ ಸಂಘವನ್ನು ಕಟ್ಟಿದರು. ಎಂ.ಪಿ. ಪೋಳ್, ಕಾರೂರ್ ನೀಲಕಂಠ ಪಿಳ್ಳೆ ಮುಂದೆ ನಿಂತರು. ಲೇಖಕರಿಗೆ ನೂರಕ್ಕೆ ಮೂವತ್ತರಂತೆ ರಾಯಧನ ಕೊಟ್ಟರು. ಆ ಸಂಘಕ್ಕೆ ಮುಂದೆ ಕಷ್ಟದ ದಿನಗಳೂ ಬಂದುವು. ಆದರೆ ಮಲೆಯಾಳದಲ್ಲಿ ಬರಹಕ್ಕೆ ಬೆಲೆ ಕೇಳುವುದು ನಾಚಿಕೆಯ ಮಾತಾಗಿ ಉಳಿಯದಿದ್ದುದಕ್ಕೆ ಅದೂ ಒಂದು ಕಾರಣವೆಂದು ನನ್ನ ಎಣಿಕೆ. ಕೋಟ್ಟಯಂ ದೂರವಾಯಿತೆನ್ನುವವರಿಗೆ ಮನೆಯ ಪಕ್ಕದ ಉದಾಹರಣೆ ಇದೆ. ಅಡಿಕೆ ಬೆಲೆ ಬಿದ್ದು ದಿಕ್ಕು ತೋಚದಾದಾಗ 1973ರಲ್ಲಿ ಕರ್ನಾಟಕದ ಮತ್ತು ಕೇರಳದ ಬೆಳೆಗಾರರು ಸೇರಿ ಕ್ಯಾಂಪ್ಕೊ ಮಾಡಿಕೊಂಡರು. ಗಡಿಯ ಈಚೆಯವನ ಅಡಿಕೆಯೂ ಆಚೆಯವನ ಅಡಿಕೆಯೂ ಒಂದೇ ತಕ್ಕಡಿಗೆ ಬಿತ್ತು. ಅಡಿಕೆಗೆ ಆದದ್ದು ಅಕ್ಷರಕ್ಕೇಕಾಗಬಾರದು?

ಎಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ನಿಂತದ್ದು ಕಣ್ಣೂರಿನ ಬೀಡಿ ಶಾಲೆಗಳ ಪದ್ಧತಿ. 1969ರಲ್ಲಿ ಅಲ್ಲಿ ಕಾರ್ಮಿಕರದೇ ದಿನೇಶ್ ಬೀಡಿ ಸಹಕಾರಿ ಸಂಘ ಹುಟ್ಟುವುದಕ್ಕೂ ಮೊದಲಿನಿಂದ ನಡೆದುಬಂದದ್ದು ಇದು. ಕಾರ್ಮಿಕರು ಬೀಡಿ ಕಟ್ಟುತ್ತಿರುವಾಗ ಅವರಲ್ಲೊಬ್ಬ ಪತ್ರಿಕೆಯನ್ನೂ ಪುಸ್ತಕವನ್ನೂ ಗಟ್ಟಿಯಾಗಿ ಓದುತ್ತಾನೆ. ಓದುವವನಿಗೆ ಆ ಹೊತ್ತು ಬೀಡಿ ಕಟ್ಟಲಾಗುವುದಿಲ್ಲ. ಅವನ ಕೂಲಿ ತಪ್ಪುತ್ತದೆ. ಆದುದರಿಂದ ಕೇಳುತ್ತಿದ್ದವರು ತಾವು ಕಟ್ಟಿದ್ದರಲ್ಲಿ ಅವನ ಪಾಲನ್ನು ತುಂಬಿಸಿ ಕೊಡುತ್ತಿದ್ದರು. ಅಕ್ಷರಕ್ಕೆ ಬೆಲೆಯಿದೆಯೆಂದು ತೀರ್ಮಾನಿಸಲು ಅವರಿಗೆ ವಿಚಾರಗೋಷ್ಠಿ ಬೇಕಾಗಲಿಲ್ಲ. ದಿನಕ್ಕೆ ಇಷ್ಟು ಬೀಡಿ ಎಂದು ಲೆಕ್ಕ ಹಾಕಿದರು, ಅಷ್ಟೆ. ಅಮ್ಮನಿಗೆ ಇದನ್ನು ಒಮ್ಮೆ ಹೇಳಿದ್ದೆ. "ಹಾಗಾದ್ರೆ ನಮ್ಮಲ್ಲಿ ಯಾರೂ ಯಾಕೆ ಓದ್ಲಿಲ್ಲ?" ಎಂದು ಕೇಳಿದಳು.

ಯುವ ಬರಹಗಾರರಿಗೆ ನಾನು ಹೇಳುವುದು, ಬರೇ ಬರಹದಿಂದ ಬದುಕಿ ಎಂದಲ್ಲ. ಹಾಗೆ ಹೇಳಲು ನನಗೆ ಬಾಯಿಲ್ಲ. ಹಪ್ಪಳ ಮಾರಿ, ಪಾಠ ಹೇಳಿ, ಸಾಧ್ಯವಾದರೆ ನಿಮ್ಮ ಪುಸ್ತಕವನ್ನು ಅಂತರ್ಜಾಲದಲ್ಲಿ ನೀವೇ ಮಾರಿ. ಹೊಗಳಿಕೆಯನ್ನು ಮಾತ್ರ ಕಮಿಶನಿಗೆ ಮಾರಬೇಡಿ, ನೆರೆಯವರು ಚಾವಡಿಗೆ ಬರುತ್ತಾರೆ. ಲೇಖನ ಕೊಡುವ ಮೊದಲು ದರ ಕೇಳಿ. ಕಾನೂನು ನಿಮ್ಮ ಪರವಾಗಿದೆ: 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಬರಹದಲ್ಲಿ ಒಪ್ಪಂದವಾಗದೆ ನಿಮ್ಮ ಹಕ್ಕು ಇನ್ನೊಬ್ಬರಿಗೆ ಹೋಗುವುದಿಲ್ಲ, ಒಪ್ಪಂದದಲ್ಲಿ ಅವಧಿ ಹೇಳದಿದ್ದರೆ ಐದು ವರ್ಷಕ್ಕೆ ಮಾತ್ರ. ಹಕ್ಕು ಕೊಟ್ಟ ಮೇಲೂ ಬರೆದವರು ನಾವೆಂದು ಹೇಳಿಕೊಳ್ಳುವ ಅಧಿಕಾರವನ್ನು 57ನೆಯ ಸೆಕ್ಷನ್ ನಮಗೇ ಉಳಿಸಿದೆ. ನಮ್ಮಲ್ಲಿ ಎಷ್ಟು ಮಂದಿ ಈ ಎರಡು ಸಾಲನ್ನು ಓದಿದ್ದೇವೆ?

ಸಂಪಾದಕರಲ್ಲಿ ನನ್ನ ವಿನಂತಿ ಸಣ್ಣದು. ಮುಂದಿನ ವರ್ಷ ಬಿಡುಗಡೆಯ ದಿನ ಶಾಲು ಬೇಡ, ಹಣ್ಣಿನ ಬುಟ್ಟಿ ಬೇಡ. ಆ ಹಣವನ್ನು ಕನ್ನಡ ಮಲೆಯಾಳ ಎರಡೂ ವಿಭಾಗದ ಬರಹಗಾರರಿಗೆ ಸಮನಾಗಿ ಹಂಚಿ; ನೂರೋ ಇನ್ನೂರೋ ಆಗಲಿ, ಎಷ್ಟೆಂದು ಲೇಖನ ಕೇಳುವ ಪತ್ರದಲ್ಲೇ ಬರೆಯಿರಿ. ಈ ಲೇಖನವನ್ನು ಮಲೆಯಾಳ ವಿಭಾಗಕ್ಕೆ ಅನುವಾದ ಮಾಡಿಸುವುದಾದರೆ ಅನುವಾದಕನಿಗೂ ಒಂದು ಪಾಲಿಡಿ. ನಾನೇ ಮಾಡಿದರೆ ಎರಡು ಪಾಲು. ಹಸ್ತಪ್ರತಿಯ ಕೊನೆಯ ಹಾಳೆಯ ಹಿಂಬದಿಯಲ್ಲಿ ನನ್ನ ಬ್ಯಾಂಕ್ ಖಾತೆಯ ಸಂಖ್ಯೆ ಬರೆದಿದ್ದೇನೆ. ಅದನ್ನು ಮಾತ್ರ ಅಚ್ಚು ಹಾಕಬೇಡಿ.